ಎಲೆ ತೆಗೆದ ಸಾರು

ದಿನಕ್ಕೆ ನಲವತ್ತು ಸಲ ಕ್ಷಮೆ ಕೇಳುವುದು ನನ್ನ ಕೆಲಸ. ಬೂಸಾನ್‌ನ ಒಂದು ಪಾರ್ಸೆಲ್ ಕಂಪನಿಯ ದೂರು ವಿಭಾಗದಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಒಡೆದ ಜಾಡಿಗೂ ಕೊಳೆತ ಸೇಬಿಗೂ ಒಂದೇ ದನಿಯಲ್ಲಿ ವಿಷಾದ ಹೇಳುತ್ತೇನೆ. ನಿಮ್ಮ ಪಾರ್ಸೆಲ್ ದಾರಿಯಲ್ಲಿದೆ ಎನ್ನುತ್ತೇನೆ. ಇದೆಯೋ ಇಲ್ಲವೋ ನನಗೇನು ಗೊತ್ತು! ಇಪ್ಪತ್ತೊಂಬತ್ತು ವರ್ಷಕ್ಕೆ ನಾನು ಕಲಿತ ವಿದ್ಯೆ ಇಷ್ಟೇ: ಗೊತ್ತಿಲ್ಲದ್ದನ್ನು ಗೊತ್ತಿರುವವನ ಹಾಗೆ ಹೇಳುವುದು, ಗೊತ್ತಿರುವುದನ್ನು ನುಂಗಿಕೊಂಡು ಸುಮ್ಮನಿರುವುದು. ಈ ಎರಡನೆಯದನ್ನು ಮನೆಗೂ ತಂದೆ. ಅದರಿಂದ ದೊಡ್ಡಮ್ಮನ ಸ್ಕ್ಯಾನ್ ಹಾಳಾಯಿತು.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ, ತಕ್ ಬುನ್ನಾಮ್. ಅವಳ ಅಪ್ಪನಿಗೆ ಗಂಡುಮಗು ಬೇಕಿತ್ತು. ಮೂರನೆಯದೂ ಹೆಣ್ಣಾದಾಗ, ಮುಂದಿನದಾದರೂ ಗಂಡಾಗಲಿ ಎಂದು ಮಗಳ ಹೆಸರಿನ ಬಾಲಕ್ಕೆ 'ಗಂಡು' ಎಂಬ ಪದ ಅಂಟಿಸಿದನಂತೆ. ಮುಂದಿನದು ನನ್ನ ಅಮ್ಮ. ಅವಳಿಗೆ ಕುತ್ಸುನ್, ಅಂದರೆ ಇದೇ ಕೊನೆಯ ಹುಡುಗಿ, ಎಂದು ಹೆಸರಿಟ್ಟು ದೇವರ ಜೊತೆ ಮಾತು ಬಿಟ್ಟ. ಅಪ್ಪನಿಗೆ ಬೇಡವಾದ ಈ ಇಬ್ಬರು ಒಬ್ಬರಿಗೊಬ್ಬರು ಅಂಟಿಕೊಂಡೇ ಬೆಳೆದರು. ಮದುವೆಯಾದ ಮೇಲೂ ಎರಡು ಮನೆಗಳ ನಡುವೆ ಹತ್ತು ನಿಮಿಷದ ದಾರಿ. ನಾನು ಬಾಡಿಗೆ ಉಳಿಸಲು ದೊಡ್ಡಮ್ಮನ ಮನೆಯ ಮುಂದಿನ ಕೋಣೆಯಲ್ಲಿದ್ದೇನೆ. ವಿಧವೆ ದೊಡ್ಡಮ್ಮನಿಗೆ ಆಸರೆಯಾಗಿದ್ದಾನೆ ಎಂದು ಅಮ್ಮ ಊರಿಗೆಲ್ಲ ಹೇಳುತ್ತಾಳೆ. ನನ್ನ ಬಟ್ಟೆ ಒಗೆಯುವವಳು ದೊಡ್ಡಮ್ಮ.

ಗಿಜಾಂಗ್ ಕಡಲ ದಂಡೆಯ ಸೊಪ್ಪಿನ ಶೆಡ್ಡಿಗೆ ದೊಡ್ಡಮ್ಮ ಸೇರಿದ್ದು ಹದಿನೇಳನೇ ವಯಸ್ಸಿನಲ್ಲಿ. ಚಳಿಗಾಲವಿಡೀ ಮಿಯೊಕ್, ಬೇಸಿಗೆ ಕಾಲಿಟ್ಟ ಮೇಲೆ ದಾಶಿಮಾ. ಮಿಯೊಕ್ ತೆಳು ಎಲೆಯ ಕಡಲಸೊಪ್ಪು. ಹುಟ್ಟುಹಬ್ಬಕ್ಕೂ ಬಾಣಂತಿಗೂ ಅದರದೇ ಸಾರು. ದಾಶಿಮಾ ಬೆಲ್ಟಿನ ಹಾಗೆ ದಪ್ಪ. ಅದನ್ನು ಯಾರೂ ಎಲೆಯಾಗಿ ಲೆಕ್ಕಕ್ಕಿಡುವುದಿಲ್ಲ. ನೀರಿಗೆ ಹಾಕಿ ಕುದಿಸಿ, ಸತ್ವ ಇಳಿದ ಮೇಲೆ ಎತ್ತಿ ಬಿಸಾಡಿ, ಆ ನೀರಿನಲ್ಲಿ ಉಳಿದ ಅಡುಗೆಯೆಲ್ಲ. ನಮ್ಮಲ್ಲಿ ಎಸರು ಅಂದರೇ ಅದು.

ಶೆಡ್ಡಿನಲ್ಲಿ ದೊಡ್ಡಮ್ಮನಿಗೆ ಒಂದು ಕೆಂಪು ಸ್ಟೂಲಿದೆ. ಒಣಗಿದ ಕಟ್ಟುಗಳು ಒಂದೊಂದಾಗಿ ಅವಳ ಮುಂದೆ ಬರುತ್ತವೆ. ಅವಳು ಮೂಲೆಯಿಂದ ಉಗುರಿನಷ್ಟು ಮುರಿದು ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ ಮೂರು ಉಸಿರು ಕಾಯುತ್ತಾಳೆ. ಹೆಬ್ಬೆರಳು ಮೇಲಕ್ಕೆ ಹೋದರೆ ಆ ಕಟ್ಟು ಉಡುಗೊರೆಯ ಡಬ್ಬಿಗೆ, ಕೆಳಕ್ಕೆ ಹೋದರೆ ನೂಡಲ್ಸ್ ಕಾರ್ಖಾನೆಗೆ. ಒಣಗುವಾಗ ನಾಲ್ಕು ಹನಿ ಮಳೆ ತಾಗಿದ್ದರೂ ಆ ನಾಲಿಗೆ ಹಿಡಿಯುತ್ತಿತ್ತು. ಶೆಡ್ಡಿನ ಮಾಲೀಕ ಅವಳಿಗೆ ನೆಗಡಿಯಾದರೆ ತಾನೇ ಔಷಧಿ ತರುತ್ತಿದ್ದ. ಪಕ್ಕದಲ್ಲಿ ಕೂರುವವಳು ಜುಕ್‌ಸೊಂಗ್ ಊರಿನವಳು. ಊರ ಹೆಸರಿನಿಂದಲೇ ಕರೆಯುತ್ತಾರೆ. ನಮ್ಮ ಕಾಂಪೌಂಡ್ ಗೋಡೆಯ ಆಚೆ ಅವಳ ಮನೆ. ಇಪ್ಪತ್ತು ವರ್ಷದಿಂದ ಆ ಕೆಂಪು ಸ್ಟೂಲಿನ ಮೇಲೆ ಅವಳ ಕಣ್ಣು.

"ನಾಲಿಗೆ ಒಂದು ಬಿಟ್ರೆ ನಿನ್ ಹತ್ರ ಏನಿದೆಯೇ ಬುನ್ನಾಮ್?" ಎನ್ನುವಳು ಜುಕ್‌ಸೊಂಗ್‌ನವಳು. "ಅದನ್ನೂ ಸೊಪ್ಪಿಗಿಂತ ನನ್ನ ಬೈಯೋಕೇ ಜಾಸ್ತಿ ಸವೆಸ್ತೀಯ."

ಹೋದ ವರ್ಷ ಇಂಥ ದೊಡ್ಡಮ್ಮನ ಕುತ್ತಿಗೆಯಲ್ಲಿ ಗಂಟು ಸಿಕ್ಕಿತು. ಥೈರಾಯ್ಡ್ ಕ್ಯಾನ್ಸರ್ ಎಂದರು, ಗ್ರಂಥಿ ತೆಗೆದರು. ಆಮೇಲೆ ವಿಕಿರಣವಿರುವ ಅಯೋಡಿನ್ ಮಾತ್ರೆ ನುಂಗಿಸಿ ದಪ್ಪ ಗೋಡೆಯ ಕೋಣೆಯಲ್ಲಿ ಮೂರು ದಿನ ಒಬ್ಬಳನ್ನೇ ಇಟ್ಟರು. ಊಟ ಬಾಗಿಲ ಹೊರಗೆ ಇಟ್ಟು ಹೋಗುತ್ತಿದ್ದರಂತೆ. ಅಲ್ಲಿಂದ ಬಂದವಳು ಆ ಮೂರು ದಿನದ ಬಗ್ಗೆ ಏನೂ ಹೇಳಲಿಲ್ಲ; ನಾನೂ ಕೇಳಲಿಲ್ಲ. ಒಂದು ವರ್ಷ ಕಳೆದು ಈ ಮೇ ತಿಂಗಳಿಗೆ ಸ್ಕ್ಯಾನ್ ನಿಗದಿಯಾಯಿತು, ಗ್ರಂಥಿಯ ಚೂರೇನಾದರೂ ಎಲ್ಲಾದರೂ ಉಳಿದಿದೆಯೇ ಎಂದು ನೋಡುವುದಕ್ಕೆ.

ಆ ಸ್ಕ್ಯಾನಿಗೆ ದೊಡ್ಡಮ್ಮ ನಮಗಿಂತ ಹೆಚ್ಚು ಕಾದಿದ್ದಳು. ಕಾರಣ ಅವಳ ಮಗಳು ಶಿನೇ. ಉಲ್ಸಾನ್‌ನಲ್ಲಿದ್ದಾಳೆ, ಚೊಚ್ಚಲ ಬಸುರಿ, ಜೂನ್ ಕೊನೆಗೆ ದಿನ. ಬಾಣಂತಿಗೆ ಇಪ್ಪತ್ತೊಂದು ದಿನ ಮಿಯೊಕ್ ಸಾರು ಮಾಡಿ ಬಡಿಸುವುದು ತಾಯಿಯ ಕೈಯ ಕೆಲಸ. ಅದಕ್ಕೆಂದು ದೊಡ್ಡಮ್ಮ ಹಿಂದಿನ ಚಳಿಗಾಲದಲ್ಲೇ ಒಂದು ಉದ್ದದ ಮಿಯೊಕ್ ಎತ್ತಿಟ್ಟಿದ್ದಳು. ಬಾಣಂತಿಯ ಸೊಪ್ಪನ್ನು ಮಡಿಸಬಾರದು, ಮುರಿಯಬಾರದು, ಹೆರಿಗೆ ಕಷ್ಟವಾಗುತ್ತದೆ. ಹಾಗಾಗಿ ಅದು ಅವಳ ಕೋಣೆಯ ಗೋಡೆಯ ಮೇಲೆ ತಲೆಯಿಂದ ಕಾಲಿನವರೆಗೆ ನೇತಾಡುತ್ತಿತ್ತು, ಹುಲ್ಲಿನ ಹಗ್ಗದಲ್ಲಿ ಕಟ್ಟಿಕೊಂಡು.

ಆದರೆ ಶಿನೇ ಹೆದರಿದ್ದಳು. ಹೋದ ವರ್ಷದ ಮಾತ್ರೆಯ ವಿಕಿರಣ ತಾಯಿಯ ಮೈಯಲ್ಲಿ ಇನ್ನೂ ಕೂತಿದೆಯೋ ಎಂಬ ಭಯ; ಅವಳ ಅತ್ತೆ ಎಲ್ಲೋ ಏನೋ ಓದಿ ಆ ಭಯಕ್ಕೆ ತುಪ್ಪ ಸುರಿಯುತ್ತಿದ್ದಳು. ಅಮ್ಮ, ಸ್ಕ್ಯಾನ್ ಆಗಿ ಏನೂ ಇಲ್ಲ ಅಂತ ವರದಿ ಬರಲಿ, ಆಮೇಲೆ ಬಾ, ಎಂದು ಫೋನಿನಲ್ಲಿ ಹೇಳಿದಳು. ವರ್ಷದ ಹಿಂದಿನದು ಎಂದೋ ಹೋಗಿದೆ ಎಂದು ಡಾಕ್ಟರು ಹೇಳಿದ್ದರು. ದೊಡ್ಡಮ್ಮ ಅದನ್ನೆಲ್ಲ ವಾದಿಸಲಿಲ್ಲ. ವರದಿ ತಾನೇ, ತರುತ್ತೇನೆ, ಎಂದು ಫೋನ್ ಇಟ್ಟಳು.

ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಮೊದಲೇ ಕರೆಸಿ ಎಲ್ಲ ವಿವರಿಸುವ ಪದ್ಧತಿ. ವಿವರಿಸಿದವಳು ನರ್ಸ್ ಪ್ಯೋ, ನನ್ನದೇ ವಯಸ್ಸು, ನನಗಿಂತ ಸ್ಪಷ್ಟ ಮಾತು. ಥೈರಾಯ್ಡಿನ ಚೂರು ಉಳಿದಿದ್ದರೆ ಅದಕ್ಕೆ ಅಯೋಡಿನ್ ಎಂದರೆ ಪ್ರಾಣ, ಎಂದಳು. ಅದನ್ನು ಎರಡು ವಾರ ಉಪವಾಸ ಕೆಡವಬೇಕು. ಆಮೇಲೆ ತುಸುವೇ ವಿಕಿರಣವಿರುವ ಅಯೋಡಿನ್ ಮಾತ್ರೆ ಕೊಟ್ಟರೆ ಹಸಿದದ್ದು ಗಬಕ್ಕನೆ ನುಂಗುತ್ತದೆ, ನುಂಗಿದ ಜಾಗ ಎರಡು ದಿನದ ಮೇಲೆ ಕ್ಯಾಮೆರಾಗೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಮೊದಲೇ ಅದರ ಹೊಟ್ಟೆ ತುಂಬಿದ್ದರೆ ನುಂಗುವುದಿಲ್ಲ. ಚೂರು ಇದ್ದರೂ ಕಾಣುವುದಿಲ್ಲ. ಅದಕ್ಕೇ ಮಾತ್ರೆ ಕೊಡುವ ಮುಂಚೆ ಮೂತ್ರ ನೋಡುತ್ತೇವೆ. ದಿನಾ ನುಂಗುವ ಥೈರಾಯ್ಡ್ ಮಾತ್ರೆಯನ್ನೂ ನಾಲ್ಕು ವಾರ ನಿಲ್ಲಿಸಬೇಕು. ಚಳಿಯಾಗುತ್ತದೆ, ಮುಖ ಊದುತ್ತದೆ, ನಿದ್ದೆ ಎಳೆಯುತ್ತದೆ, ಹೆದರಬೇಡಿ.

ನೋವು? ಇಲ್ಲ. ಸೂಜಿ? ರಕ್ತ ಪರೀಕ್ಷೆಗೆ ಒಂದೇ ಒಂದು. ಯಂತ್ರದಿಂದ ಏನಾದರೂ ಬರುತ್ತದೆಯೇ? ಏನೂ ಬರುವುದಿಲ್ಲ, ಅದು ಬರೀ ನೋಡುತ್ತದೆ, ಹೊಳೆಯುವವರು ನೀವು. ನಲವತ್ತು ನಿಮಿಷ ಅಲ್ಲಾಡದೆ ಮಲಗಬೇಕು. ಕ್ಯಾಮೆರಾದ ತಟ್ಟೆ ಮೂಗಿನ ಹತ್ತಿರ ಬರುತ್ತದೆ, ತಾಗುವುದಿಲ್ಲ. ಮಾತ್ರೆ ನುಂಗಿದ ಮೇಲೆ ನೀರು ಚೆನ್ನಾಗಿ ಕುಡಿಯಿರಿ, ಮೇಲಿಂದ ಮೇಲೆ ಮೂತ್ರಕ್ಕೆ ಹೋಗಿ. ಕೆಲವು ದಿನ ಬಸುರಿಯರಿಂದ, ಎಳೆ ಮಕ್ಕಳಿಂದ ದೂರ.

ಇಷ್ಟು ಹೇಳಿ ತಿನ್ನಬಾರದವುಗಳ ಪಟ್ಟಿ ಕೊಟ್ಟಳು. ಕಡಲಸೊಪ್ಪು ಎಲ್ಲ ಬಗೆಯದು, ಮೀನು, ಮೀನಿನ ರಸ, ಕಡಲುಪ್ಪು, ಆ ಉಪ್ಪಿನಲ್ಲಿ ಹುಳಿ ಬರಿಸಿದ ತರಕಾರಿ ಕಿಮ್ಚಿ, ಸೋಯಾ ಸಾಸ್, ಹುದುಗಿಸಿದ ಅವರೆ, ಹಾಲು, ಮೊಟ್ಟೆಯ ಹಳದಿ. ದೊಡ್ಡಮ್ಮ ಬೆರಳಿಟ್ಟು ಒಂದೊಂದೇ ಓದಿದಳು.

"ಹಾಗಾದ್ರೆ ನಾನೇನು ತಿನ್ಲಿ, ಗೋಡೆನಾ?"

"ಗೋಡೇಲಿ ಕಡಲುಪ್ಪು ಇಲ್ದಿದ್ರೆ ತಿನ್ನಿ ಅಮ್ಮ," ಎಂದಳು ನರ್ಸ್ ಪ್ಯೋ.

ದೊಡ್ಡಮ್ಮನಿಗೆ ಅವಳು ಹಿಡಿಸಿದಳು. ಏಳುವ ಮುಂಚೆ ನರ್ಸ್ ಇನ್ನೊಂದು ಕೇಳಿದ್ದಳು: ಹೋದ ವರ್ಷದ ದೊಡ್ಡ ಮಾತ್ರೆಯ ಮೇಲೆ ಬಾಯಿ ಒಣಗುವುದು, ರುಚಿ ಹೋಗುವುದು ಏನಾದರೂ ಆಯಿತೇ? ಏನೂ ಇಲ್ಲ, ಎಂದಳು ದೊಡ್ಡಮ್ಮ, ಕೇಳಿ ಮುಗಿಯುವ ಮೊದಲೇ.

ಅಡುಗೆಯ ಹೊಣೆ ಅಮ್ಮ ಹೊತ್ತಳು. ಅವಳದು ಬಂದರಿನ ದಾರಿಯಲ್ಲಿ ನೂಡಲ್ಸ್ ಅಂಗಡಿ, ಆರು ಮೇಜು. ಅಕ್ಕ ಒಲೆ ಮುಂದೆ ನಿಲ್ಲುವ ಸ್ಥಿತಿಯಲ್ಲಿಲ್ಲ, ಎರಡು ವಾರ ನಾನೇ ಮಾಡಿ ಕಳಿಸುತ್ತೇನೆ, ಎಂದಳು. ನಿಜವೇ. ಮಾತ್ರೆ ನಿಲ್ಲಿಸಿ ಎರಡು ವಾರವಾಗುವಷ್ಟರಲ್ಲಿ ದೊಡ್ಡಮ್ಮ ಮೇ ತಿಂಗಳ ಬಿಸಿಲಿನಲ್ಲಿ ಉಣ್ಣೆಯ ಕಾಲುಚೀಲ ಹಾಕಿ ಕೂರುತ್ತಿದ್ದಳು. ಕಣ್ಣಿನ ಸುತ್ತ ಊದಿತ್ತು, ದನಿ ಗಂಡಸಿನದಾಗಿತ್ತು. ಅಪ್ಪ ಇಟ್ಟ ಹೆಸರು ಕೊನೆಗೂ ಫಲ ಕೊಟ್ಟಿತು ನೋಡು, ಎಂದು ತಾನೇ ನಕ್ಕಳು. ಅಮ್ಮ ಹೊಸ ಪಾತ್ರೆ ಕೊಂಡಳು, ನೀಲಿ ಮುಚ್ಚಳದ್ದು. ಶುದ್ಧ ಮಾಡಿದ ಬೇರೆ ಉಪ್ಪು ತಂದಳು, ಆ ಉಪ್ಪಿನಲ್ಲೇ ಎಲೆಕೋಸಿನ ಕಿಮ್ಚಿ ಹಾಕಿದಳು. ನಾನು ಬೆಳಿಗ್ಗೆ ಸಂಜೆ ಪಾತ್ರೆ ಹೊತ್ತು ತರುವವನು. ಜೊತೆಗೆ, ದೊಡ್ಡಮ್ಮ ಒಬ್ಬಳೇ ಏಕೆ ಸಪ್ಪೆ ತಿನ್ನಬೇಕು, ನಾನೂ ಅದನ್ನೇ ತಿನ್ನುತ್ತೇನೆ, ಎಂದು ಘೋಷಿಸಿದೆ. ಮಧ್ಯಾಹ್ನ ಆಫೀಸಿನ ಕೆಳಗೆ ಕರಿದ ಕೋಳಿ ತಿನ್ನುತ್ತಿದ್ದದ್ದು ಆ ಘೋಷಣೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ನನ್ನ ತೀರ್ಮಾನ.

ಮೊದಲ ನಾಲ್ಕು ದಿನದ ಗಂಜಿ ಒದ್ದೆ ಪೇಪರಿನ ಹಾಗಿತ್ತು. ಐದನೆಯ ದಿನ ಸಂಜೆ ಒಂದು ಚಮಚ ಬಾಯಿಗಿಟ್ಟೆ. ಚೆನ್ನಾಗಿತ್ತು.

ಗಿಜಾಂಗ್‌ನಲ್ಲಿ ಹುಟ್ಟಿದವನಿಗೆ ಅದು ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ನಾಲಿಗೆಯ ಎರಡೂ ಪಕ್ಕ ಒಂದು ತುಂಬು ರುಚಿ ಬರುತ್ತದೆ. ದಾಶಿಮಾ. ಪಾತ್ರೆಯ ತಳಕ್ಕೆ ಸೌಟು ಹಾಕಿ ನೋಡಿದೆ, ಎಲೆ ಇರಲಿಲ್ಲ. ದೊಡ್ಡಮ್ಮನ ಮುಖ ನೋಡಿದೆ. ಅವಳು ಟೀವಿ ನೋಡುತ್ತಾ ತಿನ್ನುತ್ತಿದ್ದಳು, ನಿನ್ನೆಯ ಹಾಗೇ. ನಾಲ್ಕು ಹನಿ ಮಳೆ ಹಿಡಿಯುವ ನಾಲಿಗೆ ಸುಮ್ಮನಿದೆ ಎಂದ ಮೇಲೆ ನಾನು ಯಾವ ಸೀಮೆಯವನು? ನನ್ನ ಭ್ರಮೆ ಇರಬೇಕು ಅಂದುಕೊಂಡೆ. ನಿಜ ಹೇಳಬೇಕೆಂದರೆ ಅಷ್ಟೇ ಅಲ್ಲ. ಕೇಳಿದರೆ ಮರುದಿನದಿಂದ ಮತ್ತೆ ಒದ್ದೆ ಪೇಪರು. ಇನ್ನೊಂದು ಬಟ್ಟಲು ಹಾಕಿಸಿಕೊಂಡೆ.

ಒಂಬತ್ತು ದಿನ ಹಾಗೇ ನಡೆಯಿತು.

ಸ್ಕ್ಯಾನಿನ ಮಾತ್ರೆ ಕೊಡುವ ದಿನ ನಾನು ಅರ್ಧ ದಿನ ರಜೆ ಹಾಕಿ ಜೊತೆ ಹೋದೆ. ದೊಡ್ಡಮ್ಮ ಕೂದಲು ಬಾಚಿ, ಶಿನೇಗೆ ಸಂದೇಶ ಕಳಿಸಿದ್ದಳು: ನಾಡಿದ್ದು ಫೋಟೋ, ಮುಂದಿನ ವಾರ ವರದಿ. ಮೂತ್ರ ಕೊಟ್ಟು ಕಾದೆವು. ಹೊತ್ತು ಮೀರಿತು. ಆಮೇಲೆ ಬಂದವರೆಲ್ಲ ಒಳಗೆ ಹೋದರು. ಕೊನೆಗೆ ನರ್ಸ್ ಪ್ಯೋ ನಮ್ಮನ್ನು ಚಿಕ್ಕ ಕೋಣೆಗೆ ಕರೆದು ಬಾಗಿಲು ಹಾಕಿದಳು. ಮೂತ್ರದಲ್ಲಿ ಅಯೋಡಿನ್ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಎಂದಳು. ಇಷ್ಟಿದ್ದರೆ ಫೋಟೋ ತೆಗೆದೂ ಪ್ರಯೋಜನವಿಲ್ಲ.

ದೊಡ್ಡಮ್ಮ ಎರಡು ವಾರದ ಊಟವನ್ನು ದಿನದ ಲೆಕ್ಕದಲ್ಲಿ ಒಪ್ಪಿಸಿದಳು. ಗಂಜಿ, ಸೌತೆಕಾಯಿ, ಎಲೆಕೋಸು, ಮೊಟ್ಟೆಯ ಬಿಳಿ. ಗಂಜಿ, ಮೂಲಂಗಿ, ಎಲೆಕೋಸು. ಅವಳ ಒಡಕು ದನಿಯಲ್ಲಿ ಅದು ಪೊಲೀಸರ ಮುಂದೆ ಕೊಟ್ಟ ಹೇಳಿಕೆಯ ಹಾಗಿತ್ತು. ನರ್ಸ್ ನನ್ನ ಕಡೆ ತಿರುಗಿ, ಜೊತೆಯಲ್ಲೇ ಊಟ ಮಾಡಿದ್ದೀರಲ್ಲ, ನಿಮಗೇನಾದರೂ ಅನ್ನಿಸಿತಾ, ಎಂದು ಕೇಳಿದಳು. ನನ್ನ ಬಾಯಿಂದ ಆಫೀಸಿನ ದನಿ ಹೊರಟಿತು. ಅಂಥದ್ದೇನೂ ನನ್ನ ಗಮನಕ್ಕೆ ಬಂದಿಲ್ಲ, ತುಂಬಾ ವಿಷಾದ, ಎಂದೆ.

ಡಾಕ್ಟರು ಸ್ಕ್ಯಾನ್ ಮುಂದೂಡಿದರು. ಥೈರಾಯ್ಡ್ ಮಾತ್ರೆ ಮತ್ತೆ ಶುರು ಮಾಡಿ, ಮೈ ಸುಧಾರಿಸಲಿ, ಆಮೇಲೆ ಮತ್ತೆ ನಿಲ್ಲಿಸಿ, ಮತ್ತೆ ಎರಡು ವಾರ ಪಥ್ಯ, ಸೆಪ್ಟೆಂಬರಿನಲ್ಲಿ ಜಾಗವಿದೆ. ಅವಳ ಹೆಸರಿನ ಮಾತ್ರೆ ಆ ದಿನಕ್ಕೆಂದೇ ಬಂದು ಸೀಸದ ಪುಟ್ಟ ಡಬ್ಬಿಯಲ್ಲಿ ಕೂತಿತ್ತು. ಎತ್ತಿಟ್ಟು ಕಾಯುವಂಥದ್ದಲ್ಲ, ದಿನದಿಂದ ದಿನಕ್ಕೆ ಶಕ್ತಿ ಇಳಿಯುತ್ತದೆ, ಎಂದಳು ನರ್ಸ್. ಮಗಳ ಮನೆಗೆ ಹೋಗಲು ಈಗ ಯಾವ ಅಡ್ಡಿಯೂ ಇಲ್ಲ, ನಿಮ್ಮ ಮೈಯಲ್ಲಿ ವಿಕಿರಣವೇ ಇಲ್ಲ, ಎಂದೂ ಸೇರಿಸಿದಳು.

"ಅದನ್ನ ನೀನು ಹೇಳ್ತೀಯಮ್ಮ," ಎಂದಳು ದೊಡ್ಡಮ್ಮ. "ಅವಳಿಗೆ ಕಾಗದ ಬೇಕು."

ಬಾಗಿಲ ತನಕ ಹೋಗಿ, ಮತ್ತೆ ನಿಂತು ಕೇಳಿದಳು: ಎಸರಿಗೆ ದಾಶಿಮಾ ಹಾಕಿ ಎಲೆ ತೆಗೆದುಬಿಟ್ಟರೆ? ನರ್ಸ್ ಪ್ಯೋ ಕಣ್ಣು ಮುಚ್ಚಿ ತೆರೆದಳು. "ಎಲೆ ತೆಗೆದು ಏನು ಬಂತಮ್ಮ, ಅಯೋಡಿನ್ ಪೂರ್ತಿ ನೀರಿಗೇ ಇಳಿದಿರುತ್ತೆ. ಎಲೆ ತಿಂದು ನೀರು ಚೆಲ್ಲಿದ್ರೂ ವಾಸಿ ಇತ್ತು."

ದೊಡ್ಡಮ್ಮ ಬಸ್ಸಿನಿಂದ ಮನೆಯ ನಿಲ್ದಾಣದಲ್ಲಿ ಇಳಿಯಲಿಲ್ಲ. ಬಂದರಿನ ದಾರಿಯಲ್ಲಿ ಇಳಿದು ಅಂಗಡಿಗೆ ನೆಟ್ಟಗೆ ನಡೆದಳು. ಊಟದ ಹೊತ್ತು ಮುಗಿದು ಮೇಜುಗಳು ಖಾಲಿ. ಅಮ್ಮ ಹಿಟ್ಟು ನಾದುತ್ತಿದ್ದಳು. ಒಲೆಯ ಮೇಲೆ ದೊಡ್ಡ ಹಂಡೆ, ಅದರ ಪಕ್ಕ ನಮ್ಮ ನೀಲಿ ಮುಚ್ಚಳ. ಗೂಟಕ್ಕೆ ಜೋಳಿಗೆಯ ಹಾಗೆ ನೇತುಹಾಕಿದ ಸೋಸುವ ಬಟ್ಟೆಯಲ್ಲಿ ಬೆಂದ ದಾಶಿಮಾ ಎಲೆಗಳು, ದೊಡ್ಡವು ಹಲವು, ಅಂಗೈಯಷ್ಟು ಒಂದು.

"ಈ ಚಿಕ್ಕದು ಯಾವ ಪಾತ್ರೇದು ಕುತ್ಸುನ್?"

ಅಮ್ಮ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಅದರಲ್ಲಿ ಏನಿದೆ ಎಂದೇ ಅವಳಿಗೆ ತಿಳಿಯಲಿಲ್ಲ. ನಾಲ್ಕು ದಿನ ಬರೀ ನೀರಿನಲ್ಲಿ ಬೇಯಿಸಿದೆ, ಐದನೆಯ ದಿನ ನಿನ್ನ ಮುಖ ನೋಡಿ ಕರುಳು ಚುರುಕ್ ಎಂದಿತು, ಒಂದೇ ತುಂಡು, ಕುದಿ ಬಂದ ತಕ್ಷಣ ತೆಗೆದೆ, ಒಂದು ಚೂರೂ ನಿನ್ನ ಬಟ್ಟಲಿಗೆ ಬೀಳದ ಹಾಗೆ ಸೋಸಿದೆ, ಎಂದಳು. ಸೊಪ್ಪು ತಿನ್ನಬಾರದು ಎಂದರು, ತಿನ್ನಿಸಲಿಲ್ಲವಲ್ಲ. ದೊಡ್ಡಮ್ಮ ಮೂತ್ರದ ಮಾತು, ಸೆಪ್ಟೆಂಬರಿನ ಮಾತು ಹೇಳಿದಳು. ಅಮ್ಮನ ಕೈ ಹಿಟ್ಟಿನಲ್ಲೇ ನಿಂತಿತು.

"ನೀನ್ಯಾಕೆ ಸುಮ್ನಿದ್ದೆ ಅಕ್ಕ?" ಎಂದಳು. "ಮೊದಲ್ನೇ ಚಮಚಕ್ಕೇ ನಿಂಗೆ ಗೊತ್ತಾಗುತ್ತೆ ಅಂತ ನಂಗೊತ್ತಿತ್ತು. ಬೇಡ ಅಂದ್ರೆ ಬಿಡೋಣ ಅಂತಿದ್ದೆ. ನೀನು ಬಟ್ಟಲು ಖಾಲಿ ಮಾಡಿ ಕಳಿಸ್ದೆ. ಒಪ್ಕೊಂಡೆ ಅಂದ್ಕೊಂಡೆ."

ದೊಡ್ಡಮ್ಮ ಕುರ್ಚಿ ಎಳೆದು ಕೂತಳು. ಕಾಲುಚೀಲ ಸರಿಮಾಡಿಕೊಂಡಳು.

"ನಂಗೆ ರುಚಿ ಬರಲ್ಲ ಕಣೇ. ಹೋದ ವರ್ಷ ಆ ಕೋಣೆಯಿಂದ ಬಂದಾಗ್ಲಿಂದ. ಉಪ್ಪೂ ಇಲ್ಲ, ಕಡಲೂ ಇಲ್ಲ. ಬಾಯಲ್ಲಿ ರಟ್ಟು ಇಟ್ಕೊಂಡ ಹಾಗೆ."

ಅಮ್ಮ ಅವಳನ್ನೇ ನೋಡಿದಳು. ನಾನೂ. ಒಂದು ವರ್ಷ ಆ ಕೆಂಪು ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿ ಮೂರು ಉಸಿರು ಕಾದು, ಹೆಬ್ಬೆರಳು ಮೇಲೆ ಕೆಳಗೆ ಮಾಡಿದ್ದೆಲ್ಲ ಬರೀ ಬೆರಳಿನ, ಕಣ್ಣಿನ ಅಂದಾಜು. ನಮ್ಮ ಇಡೀ ಮನೆ ಒಂದು ಸತ್ತ ನಾಲಿಗೆಯನ್ನು ನಂಬಿಕೊಂಡು ಗಂಜಿ ಕುಡಿದಿತ್ತು.

ಆಗ ಅವಳು ನನ್ನ ಕಡೆ ತಿರುಗಿದಳು. "ನಿನ್ ನಾಲಿಗೆಗೇನಾಗಿತ್ತೋ?"

ಆಫೀಸಿನ ದನಿ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ಗೊತ್ತಾಗಿತ್ತು ದೊಡ್ಡಮ್ಮ."

"ಯಾವತ್ತು?"

"ಐದನೇ ದಿನ."

"ಒಂಬತ್ತು ದಿನ," ಎಂದಳು. "ನನ್ನ ಎದುರಿಗೆ ಕೂತು. ಎರಡೆರಡು ಬಟ್ಟಲು."

ನಾನು ಕ್ಷಮೆ ಕೇಳಿದೆ. ದಿನಕ್ಕೆ ನಲವತ್ತು ಸಲ ಕೇಳುವವನಿಗೆ ಅದು ನಲವತ್ತೊಂದನೆಯದರ ಹಾಗೆ ಕೇಳಿಸಿತು. ಅವಳಿಗೂ ಹಾಗೇ ಕೇಳಿಸಿರಬೇಕು. ಅಮ್ಮನ ಕಡೆ ಮತ್ತೆ ನೋಡದೆ ಎದ್ದು ಹೊರಟಳು. ನೀಲಿ ಮುಚ್ಚಳದ ಪಾತ್ರೆಯನ್ನು ಅಮ್ಮ ಇನ್ನೂ ಒಲೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದಾಳೆ, ಅದರಲ್ಲಿ ಏನನ್ನೂ ಬೇಯಿಸುವುದಿಲ್ಲ.

ಮರುದಿನ ಶೆಡ್ಡಿನಲ್ಲಿ ದೊಡ್ಡಮ್ಮ ಕೆಂಪು ಸ್ಟೂಲಿನ ಮೇಲೆ ಕೂರಲಿಲ್ಲ. ಮಾಲೀಕನ ಎದುರು, ಎಲ್ಲ ಹೆಂಗಸರ ಎದುರು, ವರ್ಷದಿಂದ ಸುಳ್ಳು ಹೇಳಿದ್ದೇನೆ, ಎಂದಳಂತೆ. ಇದನ್ನು ನನಗೆ ಹೇಳಿದವಳು ಜುಕ್‌ಸೊಂಗ್‌ನವಳು, ಗೋಡೆಯ ಮೇಲಿಂದ. ಆಗ ಜುಕ್‌ಸೊಂಗ್‌ನವಳು ಎದ್ದು, ಇದು ನನಗೆ ಹೋದ ಬೇಸಿಗೆಯಲ್ಲೇ ಗೊತ್ತಿತ್ತು, ಮಳೆ ತಾಗಿದ ಕಟ್ಟುಗಳನ್ನು ಇವಳು ಉಡುಗೊರೆ ಡಬ್ಬಿಗೆ ತಳ್ಳಿದಾಗಲೆಲ್ಲ ನಾನು ಹಿಂದಿನಿಂದ ತೆಗೆದು ನೂಡಲ್ಸಿನ ರಾಶಿಗೆ ಎಸೆದಿದ್ದೇನೆ, ಒಂದು ಕಟ್ಟೂ ತಪ್ಪು ಹೋಗಿಲ್ಲ, ಎಂದಳಂತೆ.

"ಮತ್ತೆ ವರ್ಷ ಪೂರ್ತಿ ಯಾಕೆ ಹೇಳ್ಲಿಲ್ಲ?" ಎಂದು ನಾನು ಕೇಳಿದೆ.

"ಹೇಳಿದ್ರೆ ಸ್ಟೂಲು ನಂಗೆ ಬರ್ತಿತ್ತು," ಎಂದಳು. "ಕಾಯಿಲೆಯಿಂದ ಖಾಲಿ ಬಿದ್ದ ಸ್ಟೂಲನ್ನ ಎತ್ಕೊಳ್ಳೋಕೆ ನಾನೇನು ನಿಮ್ಮನೆಯವಳಾ?"

ಜೂನ್ ಇಪ್ಪತ್ತಕ್ಕೆ ಶಿನೇಗೆ ಹೆಣ್ಣುಮಗು. ದೊಡ್ಡಮ್ಮ ಫೋನ್ ಮಾಡಿ, ಗೋಡೆಯ ಮೇಲಿನ ಮಿಯೊಕ್ ಇವನ ಕೈಯಲ್ಲಿ ಕಳಿಸಲೇ, ಎಂದಳು. ಬಾಣಂತಿಯರ ಕೇಂದ್ರದಲ್ಲಿ ಅಡುಗೆಯವರೇ ಸಾರು ಮಾಡುತ್ತಾರೆ, ಹೊರಗಿನದು ಬಿಡುವುದಿಲ್ಲ, ಆಮೇಲೆ ಅತ್ತೆ ಬರುತ್ತಾರೆ, ಎಂದಳು ಶಿನೇ. ವಿಕಿರಣವೇ ಇಲ್ಲ ಎಂದು ನರ್ಸ್ ಹೇಳಿದ್ದನ್ನು ದೊಡ್ಡಮ್ಮ ಒಂದು ಸಲ ಹೇಳಿದಳು. ಆ ಕಡೆಯಿಂದ ಬಂದದ್ದು, ಆಗಲಿ ಅಮ್ಮ, ಆದರೂ ವರದಿ ಬರಲಿ. ಇಪ್ಪತ್ತೊಂದು ದಿನ ಕಳೆದವು. ಸೊಪ್ಪು ಗೋಡೆಯ ಮೇಲೇ ಇತ್ತು.

ಆಗಸ್ಟಿನಲ್ಲಿ ಮತ್ತೆ ಪಥ್ಯ ಬಂದಾಗ ದೊಡ್ಡಮ್ಮ ತನ್ನ ಕೋಣೆಯಲ್ಲಿ ಚಿಕ್ಕ ಗ್ಯಾಸ್ ಒಲೆ ಇಟ್ಟುಕೊಂಡಳು. ಉಪ್ಪಿನ ಪೊಟ್ಟಣ ಬಟ್ಟೆಯ ಬೀರುವಿನಲ್ಲಿ, ಬೀಗದ ಕೈ ಕುತ್ತಿಗೆಯಲ್ಲಿ. ಊದಿದ ಮುಖ ಹೊತ್ತು 'ಗಂಡು' ದನಿಯಲ್ಲಿ ಕೆಮ್ಮುತ್ತಾ ತಾನೇ ಬೇಯಿಸಿಕೊಂಡಳು. ಅಮ್ಮ ದಿನಾ ಸಂಜೆ ಗೇಟಿನ ತನಕ ಬಂದು ಸೌತೆಕಾಯಿ ಇಟ್ಟು ಹೋಗುವಳು. ದೊಡ್ಡಮ್ಮ ಅದನ್ನು ಒಳಗೆ ತರುತ್ತಿದ್ದಳು, ತೊಳೆಯುತ್ತಿದ್ದಳು, ಮತ್ತೆ ತೊಳೆಯುತ್ತಿದ್ದಳು, ನನ್ನ ಬಟ್ಟಲಿಗೆ ಹಾಕುತ್ತಿದ್ದಳು. ನಾನು ನೀರು ತಂದು ಕೊಟ್ಟರೆ ಚೆಲ್ಲಿ, ನಲ್ಲಿಯಿಂದ ತಾನೇ ಹಿಡಿದುಕೊಳ್ಳುವಳು. ಬೈದಿದ್ದರೆ ಉತ್ತರಕ್ಕೆ ನನ್ನ ಬಳಿ ಸಿದ್ಧ ವಾಕ್ಯಗಳಿದ್ದವು. ಬೈಯಲಿಲ್ಲ.

ಸೆಪ್ಟೆಂಬರಿನಲ್ಲಿ ಮೂತ್ರ ಸರಿಯಾಗಿತ್ತು. ಮಾತ್ರೆ ಒಂದು ಗುಟುಕಿಗೆ ಇಳಿಯಿತು. ಎರಡು ದಿನದ ಮೇಲೆ ಅವಳ ಸರ, ಬೆಲ್ಟು, ಬೀರುವಿನ ಕೀಲಿ ಎಲ್ಲ ತೆಗೆಸಿದರು. ಕೀಲಿಯನ್ನು ನನಗೆ ಕೊಡದೆ ನರ್ಸ್ ಪ್ಯೋ ಕೈಗೆ ಕೊಟ್ಟು ಕಿರಿದಾದ ಹಲಗೆಯ ಮೇಲೆ ಮಲಗಿದಳು. ಗಾಜಿನ ಆಚೆಯಿಂದ ನೋಡಿದೆ. ಬಿಳಿ ತಟ್ಟೆ ಅವಳ ಮುಖದ ಮೇಲೆ ಇಳಿಯಿತು, ಇಳಿಯುತ್ತಲೇ ಹೋಗಿ ಮೂಗಿಗೆ ಬೆರಳಗಲ ದೂರದಲ್ಲಿ ನಿಂತಿತು. ಅವಳ ಕಾಲಿನ ಹೆಬ್ಬೆರಳು ಒಂದು ಸಲ ಅಲ್ಲಾಡಿ ತಾನೇ ತಾನಾಗಿ ಸುಮ್ಮನಾಯಿತು. ಯಂತ್ರ ಸದ್ದೇ ಮಾಡಲಿಲ್ಲ. ನಲವತ್ತು ನಿಮಿಷ ಅವಳು ಸೊಪ್ಪಿನ ಹಾಗೆ ಬಿದ್ದಿದ್ದಳು, ಅದು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿಕೊಂಡು ಹೋಯಿತು.

ಮುಂದಿನ ವಾರ ಡಾಕ್ಟರು ಚಿತ್ರ ತೋರಿಸಿದರು. ಮಸಿಯಲ್ಲಿ ಬರೆದ ಮನುಷ್ಯನ ನೆರಳು. ಬಾಯಿಯ ಸುತ್ತ, ಹೊಟ್ಟೆಯಲ್ಲಿ, ಮೂತ್ರಕೋಶದಲ್ಲಿ ಕಪ್ಪು. ಅದು ಎಲ್ಲರಿಗೂ ಇರುತ್ತದೆ ಎಂದರು. ಕುತ್ತಿಗೆ ಖಾಲಿ. ರಕ್ತದ ವರದಿಯೂ ಚೆನ್ನಾಗಿದೆ, ಏನೂ ಉಳಿದಿಲ್ಲ. ದೊಡ್ಡಮ್ಮ ನಾಲಿಗೆಯ ಬಗ್ಗೆ ಕೇಳಿದಳು. ಕೆಲವರಿಗೆ ರುಚಿ ಮರಳುತ್ತದೆ, ಕೆಲವರಿಗೆ ಇಲ್ಲ, ಹೋದ ವರ್ಷವೇ ಹೇಳಬೇಕಿತ್ತು, ಎಂದರು. ಅವಳು ವರದಿಯ ಫೋಟೋ ತೆಗೆಸಿ ಶಿನೇಗೆ ಕಳಿಸಿದಳು. ಜೊತೆಗೆ ಒಂದು ಮಾತನ್ನೂ ಬರೆಸಲಿಲ್ಲ.

ಮಗುವಿಗೆ ನೂರು ದಿನ ತುಂಬುವ ಬೆಳಿಗ್ಗೆ ನಾನು ಗೆಳೆಯನ ಕಾರು ತಂದಿದ್ದೆ. ಶಿನೇ ಫೋನಿನಲ್ಲಿ ಅತ್ತು ಕರೆದಿದ್ದಳು. ನೂರನೇ ದಿನದ ಹಬ್ಬಕ್ಕೂ ಮಿಯೊಕ್ ಸಾರು ಬೇಕು. ದೊಡ್ಡಮ್ಮ ಗೋಡೆಯಿಂದ ಸೊಪ್ಪು ಇಳಿಸಿದಳು. ಹೆರಿಗೆ ಮುಗಿದಿತ್ತು, ಇನ್ನು ಮುರಿಯಬಾರದೆಂಬ ಕಟ್ಟಳೆಯಿಲ್ಲ. ಮಂಡಿಗೆ ಹಾಕಿ ಮುರಿದಳು, ಒಣಕಡ್ಡಿಯ ಸದ್ದು ಬಂತು. ನೆನೆಹಾಕಿ, ಎಳ್ಳೆಣ್ಣೆಯಲ್ಲಿ ಮಾಂಸದ ಜೊತೆ ಬಾಡಿಸಿ, ನೀರು ಹೊಯ್ದು ಕುದಿಸಿದಳು. ಸೋಯಾ ಸಾಸ್ ಅಳತೆಯಿಲ್ಲದೆ ಕೈಯ ಅಂದಾಜಿಗೆ ಹಾಕಿದಳು. ಸೌಟು ತುಟಿಯ ತನಕ ಒಯ್ದು ಹಾಗೇ ನಿಲ್ಲಿಸಿದಳು.

ನಾಲ್ಕು ತಿಂಗಳಲ್ಲಿ ಮೊದಲ ಸಲ ಅಡುಗೆಯ ವಿಷಯಕ್ಕೆ ನನ್ನನ್ನು ಕರೆದಳು. "ನೋಡು."

ನೋಡಿದೆ. ಈ ಸಲ ನಿಜವನ್ನೇ ಹೇಳಬೇಕೆಂದು ಎರಡು ಸಲ ನೋಡಿದೆ. "ಸ್ವಲ್ಪ ಸಪ್ಪೆ ದೊಡ್ಡಮ್ಮ. ಇನ್ನೊಂದು ಚಮಚ ಬೇಕು."

ದೊಡ್ಡಮ್ಮ ನನ್ನ ಮುಖ ನೋಡಿದಳು. ಸೌಟನ್ನು ನನ್ನ ಕೈಯಿಂದ ತೆಗೆದುಕೊಂಡು ತೊಳೆದು, ಮತ್ತೆ ಸಾರು ತುಂಬಿಸಿ, ಕೆಳಗೆ ಅಂಗೈ ಹಿಡಿದು ಅಂಗಳ ದಾಟಿದಳು. ಗೋಡೆಯ ಹತ್ತಿರ ನಿಂತು ಜುಕ್‌ಸೊಂಗ್‌ನವಳನ್ನು ಕೂಗಿದಳು. ಆ ಕಡೆಯಿಂದ ಹೆರಳು ಹಾಕದ ತಲೆಯೊಂದು ಎದ್ದಿತು. ಅವಳು ಸಾರು ಹೀರಿ, ಕಣ್ಣು ಮುಚ್ಚಿ, ಮೂರು ಉಸಿರು ಕಾದಳು.

"ಸಪ್ಪೆ," ಎಂದಳು. "ಒಂದು ಚಮಚ."

ದೊಡ್ಡಮ್ಮ ಬಂದು ಒಂದು ಚಮಚ ಹಾಕಿದಳು. ನಾನು ಹೇಳಿದ್ದೂ ಅದೇ ಎಂಬುದು ಅವಳ ಮುಖದಲ್ಲಿ ಎಲ್ಲೂ ಕಾಣಲಿಲ್ಲ. ಗೇಟಿನಲ್ಲಿ ಅಮ್ಮ ಬಿಳಿ ಅಕ್ಕಿಕಡುಬಿನ ತಟ್ಟೆ ಹಿಡಿದು ನಿಂತಿದ್ದಳು. ದೊಡ್ಡಮ್ಮ ಅದನ್ನು ಇಸಿದುಕೊಂಡು ಹಿಂದಿನ ಸೀಟಿನ ಮೇಲಿಟ್ಟಳು, ಬಾ ಎನ್ನಲಿಲ್ಲ. ಸಾರಿನ ಪಾತ್ರೆಯನ್ನು ಹಿಂದೆ ಇಡುತ್ತೇನೆ, ಬಿಸಿ ಇದೆ, ಕೊಡು, ಎಂದು ನಾನು ಕೈ ಚಾಚಿದೆ. ದೊಡ್ಡಮ್ಮ ಅದಕ್ಕೆ ಟವೆಲ್ ಎರಡು ಸುತ್ತು ಸುತ್ತಿ ತೊಡೆಯ ಮೇಲಿಟ್ಟುಕೊಂಡಳು. ಉಲ್ಸಾನ್ ತಲುಪುವ ತನಕ ಎರಡೂ ಕೈ ಮುಚ್ಚಳದ ಮೇಲೇ ಇದ್ದವು.